ಬೂದಿಯಲ್ಲಿ ಸುಟ್ಟ ಬೆಳ್ಳುಳ್ಳಿ

"ಅವನಿಗೆ ಗ್ಯಾಸ್ ಸಿಲಿಂಡರ್ ಕೊಡಿ," ಎಂದ ಎವಾರಿಸ್ತೊ, ತಲೆಯೆತ್ತಿ ನೋಡದೆ.

ಹೊರೆಯಾಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿಲಿಂಡರ್ ಅಂದರೆ ಯಾರಿಗೂ ಬೇಡದ ಹೊರೆ. ಎಷ್ಟು ಕಂಬಳಿ ಸುತ್ತಿ ಕಟ್ಟಿದರೂ ಅದರ ಅಂಚು ಬೆನ್ನುಮೂಳೆಗೇ ಬಂದು ಕೂರುತ್ತದೆ. ಲಿನೊ ಕುಕ್ಕರಗಾಲಲ್ಲಿ ಕೂತು, ಅದನ್ನು ಬೆನ್ನಿಗೇರಿಸಿಕೊಂಡು, ಹಗ್ಗವನ್ನು ಎದೆಯ ಮೇಲೆ ಬಿಗಿದ. ಏಳಲು ನೆಲಕ್ಕೆ ಕೈಯೂರಬೇಕಾಯಿತು. ಎಷ್ಟೋ ವರ್ಷ ಕೆಳಗಿನ ಕಾಫಿ ಸೀಮೆಯಲ್ಲಿದ್ದವನು, ಆಮೇಲೆ ಪೇಟೆಯ ರೊಟ್ಟಿ ಅಂಗಡಿಯಲ್ಲಿ ಹಿಟ್ಟು ನಾದಿಕೊಂಡಿದ್ದವನು. ಕಾಲು ಬೆಟ್ಟವನ್ನು ಮರೆತಿತ್ತು.

"ಒಳ್ಳೆ ಸ್ವಾಗತ ಕಣಯ್ಯ," ಎಂದ ಇಪೊಲಿತೊ ಪಕ್ಕಕ್ಕೆ ಬಂದು. "ಬೇರೆಯವರಿಗೆ ಮೊದಲ ದಿನ ಹೂವಿನ ಹಾರ ಹಾಕ್ತಾರೆ. ನಿಂಗೆ ಕಬ್ಬಿಣದ್ದು."

ಲಿನೊನನ್ನು ಕರೆತಂದದ್ದು ಇಪೊಲಿತೊನೇ. ಮಳೆಗಾಲ ಹಿಡಿಯುವ ಮುಂಚಿನ ಕೊನೆಯ ನಡಿಗೆ ಅದು. ಊರಿನ ಒಬ್ಬ ಆಳು ಹೆಂಡತಿಯ ಹೆರಿಗೆಯೆಂದು ಉಳಿದುಬಿಟ್ಟಿದ್ದ. ಪರದೇಶದವರನ್ನು ಇಂಕಾಗಳ ಹಳೆಯ ಊರಿಗೆ ನಡೆಸಿಕೊಂಡು ಹೋಗುವ ಈ ತಂಡದಲ್ಲಿ ಡೇರೆ ಹೊರುವವರು, ಪಾತ್ರೆ ಹೊರುವವರು ಎಲ್ಲರೂ ವಿಲ್ಕಾಪಾತ ಎಂಬ ಒಂದೇ ಊರಿನವರು. ಅವರಿಗೆಲ್ಲ ಹಿರಿಯ, ಅಡುಗೆ ಮೇಸ್ತ್ರಿ ಎವಾರಿಸ್ತೊ. ಅವನು ಲಿನೊನ ಸ್ವಂತ ಅಣ್ಣ.

ಅಣ್ಣನೊಡನೆ ಮಾತು ನಿಂತು ನಾಲ್ಕು ವರ್ಷವಾಗಿತ್ತು. ತಾಯಿ ತೀರಿಕೊಂಡಾಗ ಲಿನೊ ಕಾಫಿ ತೋಟದಲ್ಲಿದ್ದ. ಹೊಳೆ ತುಂಬಿ ಸೇತುವೆ ಹೋಗಿತ್ತು, ಸುದ್ದಿ ಸುತ್ತಿ ಬಳಸಿ ಬಂತು. ಅವನು ಊರು ಸೇರುವ ಹೊತ್ತಿಗೆ ಗುಂಡಿಯ ಮೇಲಿನ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಹಾಗೆ ನೋಡಿದರೆ, ಅದಕ್ಕೂ ಮುಂಚಿನ ಎಷ್ಟೋ ವರ್ಷ ಸೇತುವೆ ನೆಟ್ಟಗೇ ಇತ್ತು, ಆಗಲೂ ಅವನು ಬಂದಿರಲಿಲ್ಲ. ಅಣ್ಣ ಹೊಸ್ತಿಲ ಮೇಲೆ ನಿಂತು, "ನಮ್ಮವ್ವನ್ನ ಮಣ್ಣು ಮಾಡಿ ಆಯ್ತು," ಎಂದ.

ನಮ್ಮ ಕೆಚ್ವಾ ಮಾತಿನಲ್ಲಿ 'ನಾವು' ಒಂದಲ್ಲ, ಎರಡು. ಎದುರಿಗಿರುವವನನ್ನೂ ಒಳಗೆ ಕರೆದುಕೊಂಡ ನಾವು ಒಂದು, ಅವನನ್ನು ಬಾಗಿಲಾಚೆ ನಿಲ್ಲಿಸಿದ ನಾವು ಇನ್ನೊಂದು. 'ನಮ್ಮವ್ವ' ಎನ್ನುವುದಕ್ಕೂ ಹಾಗೆಯೇ. ಒಡಹುಟ್ಟಿದವನ ಎದುರು 'ಮಮಂಚಿಸ್' ಎನ್ನಬೇಕು: ನಿನಗೂ ನನಗೂ ಅವ್ವ. ಹೊರಗಿನವನ ಎದುರು 'ಮಮಾಯ್ಕು': ನಮಗೆ ಅವ್ವ, ನಿನಗಲ್ಲ. ತೊದಲುವ ಮಕ್ಕಳೂ ಇದನ್ನು ತಪ್ಪುವುದಿಲ್ಲ, ಹಾಲಿನ ಜೊತೆಗೇ ಬರುತ್ತದೆ. ಆವತ್ತು ಎವಾರಿಸ್ತೊನ ಬಾಯಿಂದ ಬಂದದ್ದು 'ಮಮಾಯ್ಕು'. ಅಂಗಳದಲ್ಲಿ ಕೂತಿದ್ದವರೆಲ್ಲ ಕೇಳಿಸಿಕೊಂಡರು. ಬೈದಿದ್ದರೆ, ಕಲ್ಲು ಎತ್ತಿದ್ದರೆ ಸಮಾಧಾನ ಮಾಡಲು ಬರುತ್ತಿತ್ತು. ಈ ಮಾತಿಗೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಲಿನೊ ಹೊಸ್ತಿಲು ದಾಟದೆ ತಿರುಗಿದ.

ಅಲ್ಲಿಂದೀಚೆಗೆ ಸತ್ತವರ ದಿನ ಬಂದಾಗಲೆಲ್ಲ ಅವನು ಪೇಟೆಯ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಎಡೆಯಿಡುತ್ತಿದ್ದ. ಬೇಯಿಸಿದ ಆಲೂಗಡ್ಡೆ, ಮಗುವಿನ ಆಕಾರದ ರೊಟ್ಟಿ, ಒಂದು ಮೇಣದ ಬತ್ತಿ. ಬೆಳಿಗ್ಗೆ ಎದ್ದರೆ ಇಟ್ಟದ್ದು ಇಟ್ಟ ಹಾಗೇ ತೋರುತ್ತಿತ್ತು. ಸತ್ತವರು ತಾವು ಬದುಕಿದ ಮನೆಗೆ ಬರುತ್ತಾರೆ, ಬಾಡಿಗೆ ಕೋಣೆ ಹುಡುಕಿಕೊಂಡು ಬರುವುದಿಲ್ಲ. ಈ ಸಲದ ಹಬ್ಬ ಹತ್ತಿರದಲ್ಲೇ ಇತ್ತು. ಮನೆಗೆ ಬರಲೇ ಎಂದು ಅಣ್ಣನನ್ನು ಕೇಳಬೇಕು, ಅಷ್ಟಕ್ಕಾಗಿಯೇ ಅವನು ಈ ಹೊರೆಗೆ ಬೆನ್ನು ಕೊಟ್ಟಿದ್ದ.

"ಕೇಳಿಬಿಡು, ಕಚ್ಚಲ್ಲ ಅವನು," ಎಂದಿದ್ದ ಇಪೊಲಿತೊ. "ಆದ್ರೆ ಕೈಯಲ್ಲಿ ಸೌಟು ಇಲ್ದಿದ್ದಾಗ ಕೇಳು."

ಮೊದಲ ದಿನ ಕೇಳಲಾಗಲಿಲ್ಲ. ಎವಾರಿಸ್ತೊ ಅವನೊಡನೆ ಮಾತಾಡುತ್ತಿದ್ದದ್ದು ಬೇರೆಯವರ ಮೂಲಕ. "ಆ ಸಿಲಿಂಡರಿಗೆ ಹೇಳು, ನೀರು ತರಲಿ." "ಆ ಸಿಲಿಂಡರಿಗೆ ಹೇಳು, ಆಲೂಗಡ್ಡೆ ಸಿಪ್ಪೆ ಇಷ್ಟು ದಪ್ಪ ತೆಗೆದ್ರೆ ಪರದೇಶದ ಗ್ರಿಂಗೋಗಳಿಗೆ ಸಿಪ್ಪೇನೇ ಬಡಿಸಬೇಕಾಗತ್ತೆ." ಕೂಗಳತೆಯೂ ಇರಲಿಲ್ಲ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿರುತ್ತಿದ್ದರು. ಇಪೊಲಿತೊ ಆ ಮಾತನ್ನು ಎತ್ತಿ ಇನ್ನೊಂದು ಕಡೆ ಇಡುವವನಂತೆ, "ಸಿಲಿಂಡರಣ್ಣ, ನೀರಂತೆ," ಎನ್ನುತ್ತಿದ್ದ. ಲಿನೊ ಎದ್ದು ಹೋಗಿ ತರುತ್ತಿದ್ದ. ಮನೆಗಳು ಮುಗಿಯುವ ಕಡೆ, ದಾರಿಬದಿಯ ಕಲ್ಲುಸಂದಿಯಲ್ಲಿ ಮುನ್ಯಾ ಸೊಪ್ಪು ಕಂಡು, ನಾಲ್ಕು ಎಳೆ ಕಿತ್ತು ಟೋಪಿಯೊಳಗಿಟ್ಟುಕೊಂಡ. ಪುದೀನದಂಥ ವಾಸನೆ. ಯಾತಕ್ಕೆ ಕಿತ್ತನೆಂದು ಅವನಿಗೇ ಗೊತ್ತಿರಲಿಲ್ಲ, ಕಂಡಲ್ಲಿ ಕೀಳುವುದು ಚಿಕ್ಕಂದಿನ ಅಭ್ಯಾಸ.

ಎರಡನೆಯ ದಿನ ಬೆಟ್ಟ ದಾಟುವ ಎತ್ತರದ ಕಣಿವೆ. ಸತ್ತ ಹೆಂಗಸು ಎಂದು ಅದರ ಹೆಸರು. ಅಂಗಾತ ಮಲಗಿದವಳ ಹಾಗೆ ಬೆಟ್ಟದ ಸಾಲು. ಮೇಲೆ ಗಾಳಿ ಮನುಷ್ಯರನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಪರದೇಶದವರು ಇನ್ನೂ ಕೆಳಗೆ ಚುಕ್ಕೆಗಳಾಗಿದ್ದರು. ಆಳುಗಳು ಹೊರೆಯನ್ನು ಬಂಡೆಗೊರಗಿಸಿ, ತಲಾ ಮೂರು ಕೋಕಾ ಎಲೆ ಜೋಡಿಸಿ, ಹಿಮದ ಶಿಖರಗಳ ಕಡೆ ಉಸಿರೂದಿ ಬೇಡಿಕೊಂಡರು. ಲಿನೊ ಅಣ್ಣನ ಹಿಂದೆಯೇ ನಿಂತ. ಇದೇ ಸಮಯ, ಕೈಯಲ್ಲಿ ಎಲೆ ಬಿಟ್ಟರೆ ಬೇರೇನೂ ಇಲ್ಲ.

"ನಮ್ಮವ್ವನ್ನ ನೋಡ್ಕೊ ಅಪ್ಪಾ," ಎಂದ ಎವಾರಿಸ್ತೊ ಬೆಟ್ಟಕ್ಕೆ. ಮಮಾಯ್ಕು ಎಂದೇ ಅಂದ.

ಬೆಟ್ಟದೊಡನೆ ಮಾತಾಡುವಾಗ ಯಾರಾದರೂ ಹಾಗೇ ಅನ್ನಬೇಕು. ಬೆಟ್ಟಕ್ಕೆ ಆಕೆ ತಾಯಿಯಲ್ಲವಲ್ಲ. ಹಾಗಾಗಿ ಆ ಮಾತಿನೊಳಗೆ ತಾನಿದ್ದೇನೋ, ಬೆಟ್ಟದ ಜೊತೆ ಹೊರಗೇ ನಿಂತಿದ್ದೇನೋ, ಲಿನೊಗೆ ತಿಳಿಯಲಿಲ್ಲ. ಅವನು ಯೋಚಿಸುವಷ್ಟರಲ್ಲಿ ಅಣ್ಣ ಎಲೆಗಳನ್ನು ಕಲ್ಲಿನಡಿ ಸಿಕ್ಕಿಸಿ ಇಳಿಜಾರು ಹಿಡಿದಿದ್ದ.

ಆ ಸಂಜೆ ಹಳ್ಳದ ಪಕ್ಕ ಡೇರೆ ಹಾಕಿದರು. ದಾರಿ ತೋರಿಸುವ ಹುಡುಗಿ ನೊರ್ಮಾ ಅಡುಗೆ ಡೇರೆಯೊಳಗೆ ತಲೆ ಹಾಕಿ, "ಮೇಸ್ತ್ರಿ, ಪರದೇಶದವರಲ್ಲಿ ಆ ವಯಸ್ಸಾದ ಅಮ್ಮ ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿಲ್ಲ. ನೀರೂ ನಿಲ್ತಿಲ್ಲ," ಎಂದಳು. "ಈಗ ಏನಾದ್ರೂ ಹೊಟ್ಟೇಲಿ ನಿಂತ್ರೆ ಸರಿ. ಇಲ್ದಿದ್ರೆ ನಾಳೆ ಅವರನ್ನ ವಾಪಸ್ ಕಣಿವೆ ಹತ್ತಿಸಿ ಇಳಿಸಬೇಕು. ಮಗಳ ಕೈ ಹಿಡ್ಕೊಂಡು ಅಳ್ತಿದಾರೆ."

"ನೀವೇನೂ ಯೋಚನೆ ಮಾಡ್ಬೇಡಿ," ಎಂದ ಎವಾರಿಸ್ತೊ. ಕೋಳಿ ಸಾರು ಕಳಿಸಿದ, ಹೋದ ಹಾಗೇ ಬಂತು. ಕಿನೊವಾ ಗಂಜಿ ಕಳಿಸಿದ, ಅದೂ ಬಂತು. ಅವನು ತಿರುಗಿ ಬಂದ ಬಟ್ಟಲನ್ನೇ ನೋಡುತ್ತ ನಿಂತ. ಅಡುಗೆಯವನಿಗೆ ತುಂಬಿದ ಬಟ್ಟಲು ವಾಪಸು ಬರುವುದಕ್ಕಿಂತ ದೊಡ್ಡ ಬೈಗುಳವಿಲ್ಲ.

ಮೂಲೆಯಲ್ಲಿ ಕೂತಿದ್ದ ಲಿನೊ ಕೈಯಲ್ಲಿದ್ದ ಆಲೂಗಡ್ಡೆಗೆ ಹೇಳುವವನಂತೆ, "ಚುನ್ಯೊ ಅಂಬಲಿ ನಿಲ್ಲತ್ತೆ," ಎಂದ. "ನನ್ನ ಗಂಟಿನೊಳಗೆ ಹಿಟ್ಟಿದೆ."

"ಸಿಲಿಂಡರ್ ಮಾತಾಡ್ತು," ಎಂದ ಇಪೊಲಿತೊ.

ಯಾರೂ ನಗಲಿಲ್ಲ. ಎವಾರಿಸ್ತೊ ಒಲೆಯ ಮುಂದಿನಿಂದ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದ.

ಲಿನೊ ಗಂಟು ಬಿಚ್ಚಿದ. ಹಿಮದಲ್ಲಿ ಹಾಸಿ, ತುಳಿದು, ಒಣಗಿಸಿ ಬೀಸಿದ ಆಲೂಗಡ್ಡೆಯ ಹಿಟ್ಟು, ಬೂದು ಬಣ್ಣದ್ದು. ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕದಡಿ, ಕುದಿಯುವ ನೀರಿಗೆ ಎಳೆಯಾಗಿ ಬಿಟ್ಟು ತಿರುಗಿಸತೊಡಗಿದ. ಒಂದು ಕೈಯಲ್ಲಿ ತಿರುಗಿಸುತ್ತಲೇ ಇನ್ನೊಂದು ಕೈಯಲ್ಲಿ ಬೆಳ್ಳುಳ್ಳಿ ಎಸಳನ್ನು ಲೋಟದ ತಳದಿಂದ ಜಜ್ಜಿದ.

"ಏನದು ನೀನು ಮಾಡ್ತಿರೋದು?" ಎಂದ ಎವಾರಿಸ್ತೊ.

ನಾಲ್ಕು ವರ್ಷದಲ್ಲಿ ನೇರವಾಗಿ ಆಡಿದ ಮೊದಲ ಮಾತು. ಲಿನೊ ಲೋಟ ಎತ್ತಿ ತೋರಿಸಿದ. "ಬೆಳ್ಳುಳ್ಳಿ ಜಜ್ತಿದೀನಿ. ಅವ್ವ ಹಿಂಗೇ ಮಾಡ್ತಿದ್ಲು."

"ಯಾವಾಗ ಮಾಡ್ತಿದ್ಲು?"

"ಯಾವಾಗ್ಲೂ. ಕಲ್ಲಿನ ಮೇಲೆ ಉಪ್ಪು ಹಾಕಿ..."

"ಅದು ನೀನಿದ್ದಾಗ. ಆಮೇಲಿಂದು ನಿಂಗೇನ್ ಗೊತ್ತು? ಕಲ್ಲು ತಳ್ಳೋಕೆ ಕೈ ಎಲ್ಲಿತ್ತು ಅವಳಿಗೆ? ಬೆರಳೆಲ್ಲ ಬೇರಿನ ಥರ ತಿರುಚ್ಕೊಂಡಿದ್ವು. ಇಡೀ ಗೆಡ್ಡೇನೇ ಬೂದಿಯೊಳಗೆ ಹೂತು ಸುಡೋಳು. ಆಮೇಲೆ ಊದಿ ಊದಿ, ತುಟಿಯಲ್ಲೇ ಸಿಪ್ಪೆ ಬಿಡಿಸೋಳು. ಮಮಂಚಿಸ್ ಹಾಕ್ತಿದ್ದದ್ದು ಸುಟ್ಟ ಬೆಳ್ಳುಳ್ಳಿ. ಜಜ್ಜಿದ್ದಲ್ಲ."

ಇಪೊಲಿತೊನ ಚಾಕು ನಿಂತಿತು. ಸಿಪ್ಪೆಯ ಸುರುಳಿ ಅರ್ಧಕ್ಕೆ ಜೋತಾಡುತ್ತಿತ್ತು. ಪಾತ್ರೆ ಒರೆಸುತ್ತಿದ್ದವರು ಒರೆಸುವುದನ್ನು ಬಿಟ್ಟರು. ಎವಾರಿಸ್ತೊಗೆ ತನ್ನ ಬಾಯಿಂದ ಯಾವ 'ನಮ್ಮವ್ವ' ಬಂತೆಂದು ತಿಳಿಯಿತೋ ಇಲ್ಲವೋ, ಸಿಟ್ಟಿನಿಂದ ಉಪ್ಪಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದ.

ಲಿನೊ ಒಲೆಯನ್ನೇ ನೋಡುತ್ತಿದ್ದ. ಈಗ ಸುಮ್ಮನಾದರೆ ಅಣ್ಣನೂ ಸುಮ್ಮನಾಗುತ್ತಾನೆ ಎಂದು ಅವನಿಗೆ ಗೊತ್ತಿತ್ತು.

"ಇರಬಹುದು," ಎಂದ. "ಆದ್ರೆ ಮುನ್ಯಾ ಮಾತ್ರ ಕುದಿಯೋವಾಗ್ಲೇ ಹಾಕೋಳು."

"ನಿನ್ನ ತಲೆ! ಇಳಿಸಿದ ಮೇಲೆ. ಅದೂ ಎಣಿಸಿ. ಕಣ್ಣು ಕಾಣ್ತಿರ್ಲಿಲ್ಲ, ಎಲೆ ಎಲೆ ಮೂಗಿಗೆ ಹಿಡಿದು ನೋಡಿ ಹಾಕೋಳು."

"ಕಣ್ಣೂ ಹೋಗಿತ್ತಾ?"

"ಒಂದು ಪೂರ್ತಿ. ಇನ್ನೊಂದರಲ್ಲಿ ಬೆಂಕಿ ಮಾತ್ರ ಕಾಣೋದು ಅಂತಿದ್ಲು. ಅದಕ್ಕೇ ಒಲೆ ಬಿಟ್ಟು ಏಳ್ತಿರ್ಲಿಲ್ಲ."

"ಒಬ್ಬಳಿಗೇ ಆಗುವಷ್ಟು ಮಾಡ್ಕೊಳ್ಳೋಳೇನೋ ಪಾಪ."

"ಒಬ್ಬಳಿಗಾ?" ಎವಾರಿಸ್ತೊ ಮುಚ್ಚಳ ಕೆಳಗಿಟ್ಟ. "ದಿನಾ ಒಂದು ಬಟ್ಟಲು ಜಾಸ್ತಿ. ಒಲೆ ಕಟ್ಟೆ ಮೇಲೆ ಮುಚ್ಚಿಡೋಳು. ಬೈದೆ, ಕೇಳ್ಲಿಲ್ಲ. ಹಿಟ್ಟು ಸಾಲಲ್ಲ ಅಂದೆ, ಕೇಳ್ಲಿಲ್ಲ. ಬೆಳಿಗ್ಗೆ ಅದನ್ನ ನಾಯಿಗೆ ಹಾಕೋಕೂ ಬಿಡ್ತಿರ್ಲಿಲ್ಲ. ನಾನೇ ಕುಡೀಬೇಕಿತ್ತು. ನಿನ್ನ ಪಾಲಿನ ತಣ್ಣನೆ ಅಂಬಲಿ ಎಷ್ಟು ವರ್ಷ ಕುಡಿದೋನು ಕಣೋ ನಾನು."

ಲಿನೊ ಟೋಪಿ ತೆಗೆದು ಅದರೊಳಗಿನ ಬಾಡಿದ ಮುನ್ಯಾ ಎಳೆಗಳನ್ನು ಅಣ್ಣನ ಮುಂದೆ ಹಿಡಿದ. ಎವಾರಿಸ್ತೊ ಒಂದನ್ನು ಮೂಸಿ ನೋಡಿದ, ಇನ್ನೊಂದನ್ನು ಬಿಸಾಡಿದ. ಪಾತ್ರೆ ಇಳಿಸಿ, ಎಲೆಗಳನ್ನು ಒಂದೊಂದಾಗಿ ತಾನೇ ಹಾಕಿದ.

"ತಳ ಹತ್ತೀತು, ತಿರುಗಿಸು," ಎಂದ. ತಮ್ಮ ತಿರುಗಿಸಿದ. ಹೊಗೆಯಿಲ್ಲದ ಗ್ಯಾಸಿನ ಒಲೆಯ ಮುಂದೆ ಅವನ ಕಣ್ಣಲ್ಲಿ ನೀರು ಬರುವುದನ್ನು ಯಾರೂ ಆಡಿಕೊಳ್ಳಲಿಲ್ಲ, ಇಪೊಲಿತೊ ಕೂಡ.

ನೊರ್ಮಾ ಬಟ್ಟಲು ಒಯ್ದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಬಟ್ಟಲು ಖಾಲಿಯಿತ್ತು.

"ನಿಂತಿದೆ," ಎಂದಳು, ಅವಳ ದನಿಯೇ ಹಗುರಾಗಿತ್ತು. "ಇನ್ನೊಂದು ಸ್ವಲ್ಪ ಇದ್ರೆ ಕೊಡಿ ಅಂತಿದಾರೆ. ಯಾರು ಮಾಡಿದ್ದು ಅಂತಲೂ ಕೇಳಿದ್ರು. ಅವರಿಗೆ ನಾನೇನು ಹೇಳ್ಲಿ?"

ಎವಾರಿಸ್ತೊ ಸೌಟಿನಿಂದ ತಮ್ಮನ ಕಡೆ ತೋರಿಸಿದ. "ಈ ಪೆದ್ದ. ಬೆಳ್ಳುಳ್ಳಿ ಹಸೀದು ಹಾಕಿದಾನೆ, ಮುಂದಿನ ಸಲ ಸುಟ್ಟು ಹಾಕ್ತಾನೆ ಅನ್ನಿ."

ಉಳಿದ ಅಂಬಲಿಯನ್ನು ಆಳುಗಳೆಲ್ಲ ಹಂಚಿಕೊಂಡು ಕುಡಿದರು. ತಲಾ ಎರಡು ಗುಟುಕೂ ಬರಲಿಲ್ಲ. ಆದರೂ ಕುಡಿಯುವ ಮುಂಚೆ ಪ್ರತಿಯೊಬ್ಬರೂ ಭೂಮಿಗೆ ಒಂದು ತೊಟ್ಟು ಚೆಲ್ಲಿದರು, ಅಣ್ಣ ತಮ್ಮಂದಿರ ಅವ್ವನನ್ನು ಹತ್ತಿರದಿಂದ ಕಂಡಿದ್ದವರೂ, ಕಾಣದಿದ್ದವರೂ.

ಕೊನೆಯ ದಿನ ನಸುಕಿನಲ್ಲಿ ದಾರಿ ಎರಡಾಗುತ್ತದೆ. ನಡೆಯಲು ಬಂದವರು ಸೂರ್ಯನ ಬಾಗಿಲು ಎಂಬ ಕಲ್ಲಿನ ದ್ವಾರದ ಕಡೆಗೆ, ಹಳೆಯ ಊರನ್ನು ಮೇಲಿನಿಂದ ನೋಡಲು. ಹೊರೆ ಹೊತ್ತವರು ಕೆಳಕ್ಕೆ, ರೈಲಿಗೆ. ಆ ವಯಸ್ಸಾದ ಹೆಂಗಸು ಎರಡು ದಿನ ತನ್ನ ಕಾಲ ಮೇಲೇ ನಡೆದು ಅಲ್ಲಿಯವರೆಗೆ ಬಂದಿದ್ದಳು. ಲಿನೊನ ಎರಡೂ ಕೈ ಹಿಡಿದು ತನ್ನ ಮಾತಿನಲ್ಲಿ ಏನೋ ಹೇಳಿದಳು. ನೊರ್ಮಾ ಆಗಲೇ ಮುಂದೆ ಹೋಗಿದ್ದರಿಂದ ಅದು ಏನೆಂದು ಯಾರಿಗೂ ತಿಳಿಯಲಿಲ್ಲ. ಲಿನೊ ತಲೆಯಾಡಿಸಿ, "ಅವ್ವನಿಗೆ ಹೇಳ್ತೀನಿ," ಎಂದು ಕೆಚ್ವಾದಲ್ಲಿ ಹೇಳಿದ. ಆಕೆಯೂ ತಲೆಯಾಡಿಸಿದಳು.

ಪಾತ್ರೆಗಳ ಹೊರೆ ಕಟ್ಟುತ್ತಿದ್ದ ಎವಾರಿಸ್ತೊ ಗಂಟು ಬಿಗಿಯುತ್ತ, "ಮನೆ ರೊಟ್ಟಿ ಒಲೆಯ ಬಾಯಿ ಕುಸಿದಿದೆ," ಎಂದ.

ಲಿನೊ ಬಂದು ಹಗ್ಗದ ಇನ್ನೊಂದು ತುದಿ ಹಿಡಿದ.

"ಹಬ್ಬಕ್ಕೆ ಎರಡು ದಿನ ಮುಂಚೆ ಬಾ. ಮಣ್ಣು ಕಲಸಿ ಕಟ್ಟಿದ್ರೆ ಒಣಗಬೇಕಲ್ಲ. ಅಂಗಡಿಯವನು ರಜ ಕೊಡ್ತಾನಾ?"

"ಕೊಡ್ತಾನೆ."

"ಸತ್ತವರ ದಿನಕ್ಕೆ ರೊಟ್ಟಿ ಅಂಗಡಿಯವನು ರಜ ಕೊಟ್ರೆ ಕೋಳಿಗೆ ಹಲ್ಲು ಬಂದೀತು," ಎಂದ ಇಪೊಲಿತೊ.

"ಕೊಡ್ತಾನೆ," ಎಂದ ಲಿನೊ ಮತ್ತೊಮ್ಮೆ, ಪಾತ್ರೆಯ ಹೊರೆಗೆ ಬೆನ್ನು ಕೊಟ್ಟು.

ಕೆಳಗಿನ ಕಣಿವೆಯಿಂದ ಮಂಜು ಮೇಲೇರಿ ಬರುತ್ತಿತ್ತು. ದಾರಿಯ ಕಲ್ಲುಮೆಟ್ಟಿಲುಗಳು ಹತ್ತಿಪ್ಪತ್ತು ಕಂಡು ಮುಂದಕ್ಕೆ ಬಿಳುಪಾಗಿದ್ದವು. ಅಣ್ಣ ತಮ್ಮ ಮೊದಲು ಇಳಿದರು, ಉಳಿದವರು ಹೊರೆ ಸರಿಮಾಡಿಕೊಳ್ಳುತ್ತ ಹಿಂದುಳಿದರು. ಸ್ವಲ್ಪ ಹೊತ್ತಿಗೆ ಇಬ್ಬರೂ ಕಾಣದಾದರು. ಹೊರೆಯೊಳಗಿನ ತಗಡಿನ ಲೋಟಗಳು ಹೆಜ್ಜೆ ಹೆಜ್ಜೆಗೂ ತಾಗಿ ಸದ್ದು ಮಾಡುತ್ತಿದ್ದವು. ಅದರ ಮೇಲೆ ಎವಾರಿಸ್ತೊನ ದನಿ, ಅವ್ವನ ಮಾತು ಕೇಳಿದರೆ ಮಾತ್ರ ಗೂಡು ಸೇರುತ್ತಿದ್ದ ಒಂದು ಕುಂಟು ಕೋಳಿಯ ಕತೆ ಹೇಳುತ್ತಿತ್ತು. ನಡುನಡುವೆ, "ಇಲ್ಲಣ್ಣ, ಹಂಗಿರಲಾರದು," ಎಂದು ಇನ್ನೊಂದು ದನಿ. ಮತ್ತೆ ಲೋಟಗಳು, ಮತ್ತೆ ಆ ದೊಡ್ಡ ದನಿ, ಇನ್ನೂ ಕೆಳಗಿನಿಂದ.