ಪಾತ್ರೆಯೊಳಗೆ ಮುಖವಿಡುವವಳು

ವುರ್ಯಾನಿ ಯಾರ ಮನೆಗೆ ಹೋದರೂ, ಕುಶಲ ವಿಚಾರಿಸುವುದಕ್ಕೂ ಮೊದಲು, ಕೈಗೆ ಸಿಕ್ಕ ಪಾತ್ರೆಯ ಮುಚ್ಚಳ ತೆಗೆದು ಅದರೊಳಗೆ ಮುಖವಿಡುತ್ತಾಳೆ. ಅದರಲ್ಲಿ ಏನು ಬೆಂದಿದೆ ಎಂಬ ಕುತೂಹಲ ಅವಳಿಗೆ ಲವಲೇಶವೂ ಇಲ್ಲ. ಸಾರಿರಲಿ, ನೀರಿರಲಿ, ನಿನ್ನೆಯ ತಂಗಳಿರಲಿ, ಅದೆಲ್ಲ ನೋಟಕ್ಕೆ ಅಡ್ಡಬಂದ ಕಸವೆಂಬಂತೆ ಕಂಡು, ಅದರ ಹಿಂದೆ ಲೋಹ ಎಲ್ಲಿ ಬಾಗಿದೆ, ಎಲ್ಲಿ ಉಬ್ಬಿದೆ, ತಳದಿಂದ ಪಕ್ಕಕ್ಕೆ ಏರುವ ತಿರುವಿನಲ್ಲಿ ಮಾಡಿದವನ ಕೈ ಅಳುಕಿತೋ ಇಲ್ಲವೋ ಎಂಬುದನ್ನು ಒಂದು ಕಣ್ಣು ಮುಚ್ಚಿ ಪರೀಕ್ಷಿಸುತ್ತಾಳೆ. ತಮ್ಮನ ಮಗನಿಗೆ ಹೆಣ್ಣು ಕೇಳಲು ಕ್ಲಾಟೆನ್ ಕಡೆಗೆ ಹೋದಾಗಲೂ ಹೀಗೇ ಮಾಡಿದಳು. ಬೀಗಿತಿಯಾಗಬೇಕಾದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು, ಈ ಹೆಂಗಸು ಒಂದಾದ ಮೇಲೊಂದು ಮುಚ್ಚಳ ಎತ್ತುತ್ತಿರುವುದನ್ನು ಕಂಡು, ಮಾಡಿದ ಅಡುಗೆ ಸಾಲದೆಂದು ಇವರು ಅಳೆಯುತ್ತಿದ್ದಾರೆಂದೇ ಬಗೆದು, ಗಾಬರಿಬಿದ್ದು ಇನ್ನೊಂದು ಕೋಳಿ ಕೊಯ್ಯಿಸಿದಳು. ಸಂಬಂಧವೇನೋ ಕೂಡಿಬಂತು, ಆದರೆ ವುರ್ಯಾನಿ ಬರುತ್ತಾಳೆಂದರೆ ಆ ಮನೆಯವರು ಇಂದಿಗೂ ಅಕ್ಕಿ ಹೆಚ್ಚು ಇಡುತ್ತಾರೆ.

ನಮ್ಮ ಮನೆಯ ಹಿಂಗೋಡೆಗೂ ಅವಳ ಕುಲುಮೆಗೂ ನಡುವೆ ಒಂದು ಬಾಳೆಗಿಡ ಹಿಡಿಯುವಷ್ಟೇ ಜಾಗ. ಮೆರಾಪಿ ಎಂಬ ಬೆಂಕಿಬೆಟ್ಟದ ಮಗ್ಗುಲಲ್ಲಿರುವ ಈ ಊರಿನಲ್ಲಿ ತಾಮ್ರ ಬಡಿಯದ ಮನೆ ಹುಡುಕಿದರೂ ಸಿಗಲಾರದು. ಮಸೀದಿಯ ಗುಮ್ಮಟ, ಹೋಟೆಲಿನ ದೀಪ, ಶ್ರೀಮಂತರು ಮೈ ಮುಳುಗಿಸಿ ಕೂರುವ ತೊಟ್ಟಿ, ಹೀಗೆ ಪೇಟೆಯವರು ಕೇಳಿದ್ದನ್ನೆಲ್ಲ ಮಾಡಿಕೊಡುವವರು ನಾವು. ಬೆಳಗಿನ ನಮಾಜು ಮುಗಿದದ್ದೇ ತಡ, ಕೇರಿ ತುಂಬ ಸುತ್ತಿಗೆಯ ಸದ್ದು. ಬೇರೆಯವರ ಸದ್ದಿಗೆ ಒಂದು ತಾಳವಿದೆ, ಕಿವಿ ಒಗ್ಗಿಕೊಳ್ಳುತ್ತದೆ. ವುರ್ಯಾನಿಯದು ಹಾಗಲ್ಲ: ನಾಲ್ಕು ಪೆಟ್ಟು, ಆಮೇಲೆ ದೀರ್ಘ ಮೌನ, ಇನ್ನೇನು ಕಣ್ಣು ಹತ್ತಿತು ಎನ್ನುವಾಗ ಮತ್ತೊಂದು ಪೆಟ್ಟು. ಆ ಮೌನದಲ್ಲಿ ಅವಳು ಪಾತ್ರೆಯೊಳಗೆ ಮುಖವಿಟ್ಟಿದ್ದಾಳೆ ಎಂದು ನಮಗೆ ಗೊತ್ತು, ಗೊತ್ತಿದ್ದೂ ಶಪಿಸುತ್ತೇವೆ.

ಸುತ್ತಿಗೆ ಹಿಡಿದು ಹಿಡಿದು ಅವಳ ಬಲಭುಜ ಎಡಭುಜಕ್ಕಿಂತ ತಗ್ಗಿದೆ. ನಡೆದರೆ, ಕಾಣದ ಕೊಡವೊಂದನ್ನು ಆ ಪಕ್ಕದಲ್ಲಿ ಹೊತ್ತಂತೆ ವಾಲುತ್ತಾಳೆ. ಎಂದೋ ಯಾರೋ ವಿದೇಶಿ ಗಿರಾಕಿ ಬಿಟ್ಟುಹೋದ ಬೂದುಬಣ್ಣದ ಉಣ್ಣೆಯ ಕೋಟು ಬೆಟ್ಟದ ಚಳಿಗೂ ಕುಲುಮೆಯ ಕಾವಿಗೂ ಅವಳ ಮೈಮೇಲಿಂದ ಇಳಿದದ್ದನ್ನು ಕಂಡವರಿಲ್ಲ. ಕಿಡಿ ಹಾರಿ ಸುಟ್ಟ ಒಂದೊಂದು ತೂತನ್ನೂ ಸಿಕ್ಕ ಸಿಕ್ಕ ಬಣ್ಣದ ದಾರದಲ್ಲಿ ಹೊಲಿದುಕೊಂಡಿದ್ದಾಳೆ. "ಕೋಟು ಯಾವತ್ತೋ ಹೋಯ್ತು, ಈಗ ಅವಳು ಹಾಕ್ಕೊಂಡಿರೋದು ಬರೀ ಹೊಲಿಗೆ" ಎಂದು ಅವಳ ಗಂಡ ಮರ್ಗೊನೊ ಹಾಸ್ಯಮಾಡುವುದುಂಟು. ಆತ ಮಾತು ಕಡಿಮೆಯ, ಸಂಸಾರವನ್ನು ನಿಜವಾಗಿ ಹೊತ್ತಿರುವ ಮನುಷ್ಯ. ತಾಮ್ರದ ಮೇಲೆ ಬಳ್ಳಿ, ಹೂವು, ಚಿಟ್ಟೆ ಮೂಡಿಸುವುದರಲ್ಲಿ ಎತ್ತಿದ ಕೈ. ಹೆಂಡತಿ ಒಂದು ಹೂವನ್ನೂ ಇಡದೆ ಬೋಳಾಗಿ ಬಿಟ್ಟ ಪಾತ್ರೆಗಳ ಪಕ್ಕದಲ್ಲಿ ಹಾದುಹೋಗುವಾಗ ಆತನ ಕೈ ತುರಿಸುವುದನ್ನು ನಾವೆಲ್ಲ ನೋಡಿದ್ದೇವೆ.

ಹೆಂಗಸರು ತಾಮ್ರವನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಬೇಕು, ಗಂಡಸರು ಬಡಿಯಬೇಕು ಎಂಬುದು ಇಲ್ಲಿಯ ರೂಢಿ. ವುರ್ಯಾನಿ ಬಡಿಯಲು ಹೊರಟಾಗ ಅವಳ ತಂದೆಯೇ ಕುಲುಮೆಗೆ ಬೀಗ ಹಾಕಿದ. ಆಗ ಅವಳಿಗೆ ಹಿತ್ತಲು ಬಿಟ್ಟುಕೊಟ್ಟವರು ಬುಡೆ ಪಾರಿಯೆಮ್. ರಕ್ತಸಂಬಂಧವೇನೂ ಇಲ್ಲ; ತಾಯಿಗಿಂತ ಹಿರಿಯರಾದ ಹೆಂಗಸರನ್ನು ಇಲ್ಲಿ ಬುಡೆ, ದೊಡ್ಡಮ್ಮ, ಎಂದೇ ಕರೆಯುವುದು. ಪಾರಿಯೆಮರ ಗಂಡ ಆಗ ಬದುಕಿದ್ದ, ಆತನ ಸುತ್ತಿಗೆಯನ್ನು ಆತನಿಗೆ ಹೇಳದೆಯೇ ಈ ಹುಡುಗಿಯ ಕೈಗೆ ಕೊಟ್ಟು, ದೂರು ತಂದ ಗಂಡಸರನ್ನು ಪಾರಿಯೆಮ್ ಒಂದೇ ಮಾತಿನಲ್ಲಿ ಸಾಗಹಾಕಿದರಂತೆ: "ಹೊಡೀತಿರೋದು ಗಂಡೋ ಹೆಣ್ಣೋ ಅಂತ ತಾಮ್ರ ತಿರುಗಿ ನೋಡುತ್ತೇನ್ರಯ್ಯ?"

ಆ ಹಿತ್ತಲಿನಲ್ಲಿ ಕಲಿತದ್ದನ್ನು ವುರ್ಯಾನಿ ಮುಂದೆ ಯಾರೂ ಕಲಿಸದ ಕಡೆಗೆ ಒಯ್ದಳು. ಒಂದೇ ತಗಡು, ಅದನ್ನು ಕೆಂಪಗೆ ಕಾಯಿಸುವುದು, ನೀರಿಗಿಟ್ಟು ಮೆತ್ತಗಾಗಿಸುವುದು, ಬಡಿಯುವುದು, ಬಡಿದಂತೆ ಬಿಗಿದುಕೊಂಡ ಲೋಹವನ್ನು ಮತ್ತೆ ಬೆಂಕಿಗಿಡುವುದು. ಇಷ್ಟನ್ನು ಎಲ್ಲರೂ ಮಾಡುತ್ತಾರೆ, ಆದರೆ ಅವರ ಮನಸ್ಸಿನಲ್ಲಿ ಆಗಲೇ ಒಂದು ಹಂಡೆಯೋ ದೀಪವೋ ಕೂತಿರುತ್ತದೆ. ಇವಳು ತಗಡನ್ನೇ ಕೇಳುತ್ತ ಹೋಗುತ್ತಾಳೆ: ಇನ್ನೆಷ್ಟು ಉಬ್ಬಬಲ್ಲೆ, ಎಲ್ಲಿ ಸಾಕೆನ್ನುತ್ತೀ, ಒಂದು ಪಕ್ಕ ದಪ್ಪನಾಗಿ ಉಳಿದು ಇನ್ನೊಂದು ಪಕ್ಕ ಎಲೆಯಷ್ಟು ತೆಳುವಾದರೆ ನಿಲ್ಲಬಲ್ಲೆಯಾ? ಹೀಗೆ ಕೇಳಿ ಕೇಳಿ ಎಷ್ಟೋ ತಗಡುಗಳು ಸೀಳಿಹೋಗಿವೆ. ಉಳಿದವು ವಿಚಿತ್ರ ಗಾಂಭೀರ್ಯದ ಆಕೃತಿಗಳು. ಉಂಡು ಒರಗಿದ ಹಿರಿಯರಂತೆ ಒಂದು ಕಡೆಗೆ ವಾಲಿ ಕೂತಿರುತ್ತವೆ, ಬಿದ್ದಾವೆಂದು ಕೈ ಚಾಚಿದರೆ ಬೀಳುವುದಿಲ್ಲ. ಜೋಗ್ಜಾ ಪಟ್ಟಣದ ಕಲಾಶಾಲೆಯ ಹುಡುಗಿಯರು ಬಂದು ಅವುಗಳ ಮುಂದೆ ಕೂತು ಚಿತ್ರ ಬರೆದುಕೊಳ್ಳುತ್ತಾರೆ. ನಮ್ಮ ಹೆಂಗಸರು ಮಾತ್ರ, ಇದರಲ್ಲಿ ಕಾಯಿಸೋದೇನು, ಇಡೋದೇನು, ಎಂದು ಬಾಯಿಗೆ ಸೆರಗು ಅಡ್ಡವಿಟ್ಟು ನಗುತ್ತಿದ್ದರು.

ಬುಡೆ ಪಾರಿಯೆಮರ ಮೊಮ್ಮಗಳಿಗೆ ಮದುವೆ ಗೊತ್ತಾದ ವರ್ಷ ಆ ನಗು ನಿಂತುಹೋಯಿತು. ಅವರ ಮನೆಯಲ್ಲಿ ಅತ್ತೆಯ ಕಾಲದ ದಂಡಂಗ್ ಒಂದಿತ್ತು: ಅಗಲ ತಳ, ಸಣ್ಣ ಸೊಂಟ, ಅರಳಿದ ಬಾಯಿ, ಆ ಬಾಯಿಗೆ ಬಿದಿರಿನ ಬುಟ್ಟಿ ಕೂರಿಸಿ ಹಬೆಯಲ್ಲಿ ಅನ್ನ ಬೇಯಿಸುವ ತಾಮ್ರದ ಪಾತ್ರೆ. ಮದುವೆಯ ಅನ್ನ ಅದರಲ್ಲೇ ಬೇಯಬೇಕೆಂದು ಅವರ ಆಸೆ. ತಳ ಸುಟ್ಟು ಬಿರುಕು ಬಿಟ್ಟಿದ್ದರಿಂದ ಸರಿಮಾಡಲು ವುರ್ಯಾನಿಗೆ ಕೊಟ್ಟರು. ಅವಳು ಹಿಡಿಕೆಗಳನ್ನು ಬಿಚ್ಚಿ ಬದಿಗಿಟ್ಟು, ಬಿರುಕಿಗೆ ತೇಪೆ ಹಾಕಲೆಂದು ಅದನ್ನು ಬೆಂಕಿಗಿಟ್ಟಳು. ಅಷ್ಟು ವರ್ಷ ಉರಿ, ಹಬೆ, ಬೂದಿ ತಿಂದ ತಾಮ್ರ ಕಾದು ಹೊರಬಂದಾಗ ನಾದಿದ ಹಿಟ್ಟಿನಷ್ಟು ಹದವಾಗಿತ್ತು. ಸೊಂಟದಲ್ಲಿ ಒಂದು ತಗ್ಗಿತ್ತು, ಅದನ್ನು ಎತ್ತೋಣವೆಂದು ಒಳಗಿನಿಂದ ಒಂದು ಪೆಟ್ಟು ಕೊಟ್ಟಳು. ಲೋಹ ಮರುಮಾತಿಲ್ಲದೆ ಸರಿಯಿತು. ಇನ್ನೊಂದು ಕೊಟ್ಟಳು. ಆಮೇಲಿನದನ್ನು ಅವಳ ಬಾಯಲ್ಲೇ ಕೇಳಿದ್ದೇನೆ: ಅದು ಯಾರದೆಂಬುದು ಮರೆತಿರಲಿಲ್ಲವಂತೆ, ನೆನಪಿತ್ತು, ಆದರೂ ಕೈ ನಿಲ್ಲಲಿಲ್ಲವಂತೆ.

ಸೊಂಟ ಕರಗಿ ಹೊಟ್ಟೆಯಾಯಿತು. ಅರಳಿದ್ದ ಬಾಯಿ ಪೆಟ್ಟುಪೆಟ್ಟಿಗೂ ಒಳಸರಿದು, ಒಂದು ಕೈ ಹೋಗುವಷ್ಟಕ್ಕೆ ಕಿರಿದಾಗಿ, ತುಸು ಓರೆಯಾಗಿ ನಿಂತಿತು. ಹಳೆಯ ಉರಿಯ ಕಪ್ಪು ಎಲ್ಲಿ ಹೋಗದೆ ಉಳಿಯಿತೋ ಅಲ್ಲಿ ಹಾಗೆಯೇ ಬಿಟ್ಟಳು. ನಾನು ಗೋಡೆಯ ಈಚೆ ಬೈದುಕೊಳ್ಳುತ್ತಲೇ ಇದ್ದವನು, ಮುಗಿದ ಮೇಲೆ ಹೋಗಿ ನೋಡಿದೆ. ಇಷ್ಟು ಕಾಲ ಅವಳು ಹೊಸ ತಗಡುಗಳಲ್ಲಿ ಹುಡುಕುತ್ತಿದ್ದುದು ಈ ಹಳೆಯ ಪಾತ್ರೆಯಲ್ಲಿ ಸಿಕ್ಕಿತ್ತು. ಆ ವಾರವೇ ಜೋಗ್ಜಾದಿಂದ ಬಂದ, ಕಲಾಪ್ರದರ್ಶನ ಏರ್ಪಡಿಸುವ ಮನುಷ್ಯ, ಎಷ್ಟೋ ವರ್ಷದಿಂದ ಅವಳ ಮನೆಯಲ್ಲಿ ಬರೀ ಚಹಾ ಕುಡಿದು ಹೋಗುವುದನ್ನು ರೂಢಿ ಮಾಡಿಕೊಂಡಿದ್ದವನು, ಅದರ ಸುತ್ತ ಸುತ್ತಿ, ಮುಂದಿನ ತಿಂಗಳು ದೇಶದೇಶದ ಕುಶಲಕರ್ಮಿಗಳ ಕೆಲಸ ಸೇರುವ ದೊಡ್ಡ ಪ್ರದರ್ಶನದಲ್ಲಿ ಇದನ್ನು ನಡುಮಧ್ಯದಲ್ಲಿ ಇಡುವುದಾಗಿ ಹೇಳಿದ. ಅಂಥ ಕರೆಗಾಗಿ ವುರ್ಯಾನಿ ಅರ್ಧ ಆಯಸ್ಸು ಕಾದಿದ್ದಳು.

ಆತ ಹೋದ ಮಾರನೆಯ ಬೆಳಿಗ್ಗೆ ಬುಡೆ ಪಾರಿಯೆಮ್ ಬಂದರು.

"ನನ್ನ ದಂಡಂಗ್ ಎಲ್ಲಿ ಮಗಳೇ?"

ವುರ್ಯಾನಿ ಬೆರಳು ತೋರಿದಳು. ಮುದುಕಿ ಆ ಬೆರಳು ಹೋದತ್ತ ನೋಡಿದರು, ಅದರ ಆಚೆ ನೋಡಿದರು, ಮೂಲೆಯಲ್ಲಿ ನೋಡಿದರು. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹತ್ತಿರ ಹೋಗಿ, ಮುಟ್ಟದೆ, ಒಂದು ಸುತ್ತು ಬಂದರು. ವುರ್ಯಾನಿ ಹೊಸ ದಂಡಂಗ್ ಮಾಡಿಕೊಡುತ್ತೇನೆ, ಮದುವೆಗೆ ಮುಂಚೆಯೇ ಮಾಡಿಕೊಡುತ್ತೇನೆ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು.

"ಹೊಸದು ಸಂತೇಲಿ ಸಿಗುತ್ತೆ" ಎಂದರು ಬುಡೆ. "ಅತ್ತೆ ಜೊತೆ ನಾನು ಇಡೀ ಜೀವಮಾನ ಜಗಳ ಆಡಿದೀನಿ ಕಣೆ. ನಮ್ಮಿಬ್ಬರ ಕೈನೂ ಒಟ್ಟಿಗೆ ಬಿದ್ದಿದ್ದು ಅಂದ್ರೆ ಅದೊಂದರ ಮೇಲೇ, ಒಂದು ಹಿಡಿಕೆ ಅವರು, ಒಂದು ನಾನು ಹಿಡಿದು ಇಳಿಸ್ತಿದ್ವಿ. ಒಂದು ಮಾತು ಕೇಳಬಾರದಾಗಿತ್ತಾ?"

ಹಲಗೆಯ ಮೇಲಿದ್ದ ಎರಡು ಹಿಡಿಕೆಗಳನ್ನು ತೆಗೆದು ಮಡಿಲಿಗೆ ಹಾಕಿಕೊಂಡು ಹೊರಟುಹೋದರು. ಬೈಯಲಿಲ್ಲ, ಬೈದಿದ್ದರೆ ವುರ್ಯಾನಿ ಬದುಕಿಕೊಳ್ಳುತ್ತಿದ್ದಳು.

ನಮ್ಮಲ್ಲಿ ಮದುವೆಯ ಅಡುಗೆಗೆ ಯಾರೂ ಕೂಲಿಯವರನ್ನು ಹಚ್ಚುವುದಿಲ್ಲ. ಮನೆಯವಳು ಕೇರಿಯ ಬಾಗಿಲು ಬಾಗಿಲಿಗೆ ಹೋಗಿ ಕರೆಯುತ್ತಾಳೆ, ಹೆಂಗಸರು ತಂತಮ್ಮ ಚಾಕು ಹಿಡಿದು ಬರುತ್ತಾರೆ, ಈರುಳ್ಳಿ ಹೆಚ್ಚುತ್ತ, ತೆಂಗಿನಕಾಯಿ ತುರಿಯುತ್ತ ಊರಿನ ಲೋಕಾಭಿರಾಮವನ್ನೆಲ್ಲ ಅಲ್ಲಿಯೇ ತೀರಿಸುತ್ತಾರೆ. ಜಗಳವಾಡಿದವರನ್ನೂ ಕರೆಯುತ್ತಾರೆ, ಸಾಲ ತೀರಿಸದವರನ್ನೂ ಕರೆಯುತ್ತಾರೆ. ಬುಡೆ ಪಾರಿಯೆಮ್ ಆ ದಿನ ನಮ್ಮ ಬಾಗಿಲಿಗೆ ಬಂದು, ವುರ್ಯಾನಿಯ ಬಾಗಿಲ ಮುಂದಿನಿಂದ ತಲೆಯೆತ್ತದೆ ಹಾದು, ಆಚೆಯ ಮನೆಗೆ ಹೋದರು. ಇವಳು ಚಾಕು ಮಸೆದಿಟ್ಟುಕೊಂಡು, ಕೋಟಿನ ಮೇಲೆ ಶಾಲು ಹೊದ್ದು, ಕರೆದಾರೆಂದು ಹೊಸ್ತಿಲಲ್ಲೇ ಕೂತಿದ್ದಳು. ಮದುವೆ ಮುಗಿಯುವವರೆಗೆ ಆ ಕುಲುಮೆಯಿಂದ ಒಂದು ಪೆಟ್ಟಿನ ಸದ್ದೂ ಕೇಳಲಿಲ್ಲ. ಅವಳ ಸದ್ದಿಲ್ಲದೆ ನನಗೆ ನಿದ್ದೆ ಬರಲಿಲ್ಲವೆಂದರೆ ನನ್ನ ಹೆಂಡತಿಯೂ ನಂಬುವುದಿಲ್ಲ.

ಊರಿನವರು ತಲೆಗೊಂದು ಮಾತು ಆಡಿದರು. ಮತ್ತೆ ಬಡಿದು ದಂಡಂಗ್ ಮಾಡಿಬಿಡು ಎಂದು ಕೆಲವರು ಬುದ್ಧಿ ಹೇಳಿದರು. ತಾಮ್ರ ಅಷ್ಟು ತೆಳುವಾದ ಮೇಲೆ ಇನ್ನೊಂದು ಸಲ ಹಾಗೆ ಎಳೆದರೆ ಹರಿದುಹೋಗುತ್ತದೆ ಎಂಬುದು ಹೇಳಿದವರಿಗೂ ಗೊತ್ತಿತ್ತು. ಮರ್ಗೊನೊ ಮಾತ್ರ ಒಂದು ದಿನ, ತನ್ನ ಚಿಟ್ಟೆಯೊಂದರ ರೆಕ್ಕೆ ಮೂಡಿಸುತ್ತ, ತಲೆ ಎತ್ತದೆಯೇ, "ಹಿಡಿಕೆ ಅವರ ಹತ್ರಾನೇ ಇದೆಯಲ್ಲ" ಎಂದ.

ಪಾತ್ರೆಯನ್ನು ಪ್ರದರ್ಶನಕ್ಕೆ ಒಯ್ಯಲು ಜೋಗ್ಜಾದ ವಾಹನ ಬರಬೇಕಾಗಿದ್ದ ದಿನ ಬೆಳಿಗ್ಗೆ ವುರ್ಯಾನಿ ಬುಡೆಯ ಅಂಗಳಕ್ಕೆ ಹೋಗಿ ನಿಂತಳು. ಕ್ಷಮೆ ಕೇಳುವ ಮಾತು ಎಂದೂ ಅವಳ ನಾಲಿಗೆಯ ಮೇಲೆ ಬಂದದ್ದಿಲ್ಲ, ಅಂದೂ ಬರಲಿಲ್ಲ.

"ಹಿಡಿಕೆ ಕೊಡಿ, ಬುಡೆ."

ಮುದುಕಿ ಒಳಗೆ ಹೋಗಿ ತಂದರು; ಕೊಟ್ಟು ಸುಮ್ಮನಾಗದೆ ಹಿಂದೆಯೇ ನಡೆದುಬಂದು, ಕುಲುಮೆಯಲ್ಲಿ ಗಿಡ್ಡ ಮಣೆ ಎಳೆದು ಕೂತರು. ವುರ್ಯಾನಿ ಆ ಆಕೃತಿಯನ್ನು ತೊಡೆಗಳ ನಡುವೆ ಹಿಡಿದು, ಹಿಡಿಕೆಯನ್ನು ಅದರ ಹೆಗಲಿಗೆ ಒತ್ತಿ, ಗುರುತು ಹಾಕಲು ಉಗುರು ಊರಿದಳು.

"ಇನ್ನೂ ಕೆಳಗೆ" ಎಂದರು ಬುಡೆ. "ಅತ್ತೆ ಕುಳ್ಳಿ."

ಕೆಳಗೆ ಎಂದರೆ ಹೊಟ್ಟೆಯ ಅತ್ಯಂತ ತುಂಬಿದ ಜಾಗ. ಬೆಳಕು ಅಡೆತಡೆಯಿಲ್ಲದೆ ಹರಿಯಲೆಂದು ಅವಳು ದಿನಗಟ್ಟಲೆ ನಯಮಾಡಿದ್ದ ಜಾಗ. ಅಲ್ಲಿಯೇ ತೂತು ಕೊರೆದಳು. ಎರಡು ಕಡೆಯೂ ತಾಮ್ರದ ಮೊಳೆ ಹೊಡೆದು ಹಿಡಿಕೆ ಕೂರಿಸುವಾಗ ಅಳುತ್ತಿದ್ದಳು. ಗೋಡೆಯ ಈಚೆ ನನಗೂ ಕೇಳಿಸಿತು. ಮಧ್ಯಾಹ್ನ ಬಂದ ಜೋಗ್ಜಾದ ಮನುಷ್ಯ ಅದನ್ನು ನೋಡಿ ತಲೆ ಮೇಲೆ ಕೈ ಹೊತ್ತು, ಹಿಡಿಕೆ ಕಿತ್ತು ತೂತು ಮುಚ್ಚಲು ಬರುವುದಿಲ್ಲವೇ ಎಂದು ಕೇಳಿದ.

"ಬರುತ್ತೆ" ಎಂದಳು ವುರ್ಯಾನಿ. "ಮಾಡಲ್ಲ."

ಆತ ಹೋದ, ಪ್ರದರ್ಶನ ಅವಳಿಲ್ಲದೆಯೇ ನಡೆಯಿತು. ಪಾತ್ರೆ ಈಗ ಬುಡೆ ಪಾರಿಯೆಮರ ಅಡುಗೆಮನೆಯಲ್ಲಿದೆ. ಬಾಯಿ ಕಿರಿದಾದ್ದರಿಂದ ಇಲಿ ಇಳಿಯುವುದಿಲ್ಲ, ಮುದುಕಿಯ ಕೈ ಮಾತ್ರ ಸಲೀಸಾಗಿ ಹೋಗುತ್ತದೆ. ಹಾಗಾಗಿ ಅದರಲ್ಲಿ ಮನೆಯ ಅಕ್ಕಿ ತುಂಬಿಟ್ಟಿದ್ದಾರೆ. ಮೊಮ್ಮಗಳು ಬಸಿರಾಗಿ ಏಳು ತಿಂಗಳು ತುಂಬಿದ ಶಾಸ್ತ್ರಕ್ಕೆ ಮನೆಯಲ್ಲಿ ಮತ್ತೆ ಅಡುಗೆಯ ಗದ್ದಲ ಶುರುವಾದಾಗ ಬುಡೆ ಕೇರಿ ಕರೆಯಲು ಹೊರಟರು. ಮೊದಲು ಹೋದದ್ದು ವುರ್ಯಾನಿಯ ಬಾಗಿಲಿಗೆ. ಚಾಕು ತಾ, ಈರುಳ್ಳಿ ಬಹಳ ಇದೆ, ಎಂದಷ್ಟೇ ಹೇಳಿದರಂತೆ.

ಇದನ್ನು ಕೇಳಿದವರು, ಹಿಡಿಕೆ ಬಂದ ಮೇಲೆಯೇ ಪಾತ್ರೆಗೆ ಪೂರ್ಣತೆ ಬಂತೆಂದು ವುರ್ಯಾನಿ ಅರಿತುಕೊಂಡಿರಬೇಕು ಎಂದು ಭಾವಿಸುತ್ತಾರೆ. ನಾನೂ ಹಾಗೆಯೇ ಭಾವಿಸಿ ಒಮ್ಮೆ ಕೇಳಿಬಿಟ್ಟೆ. ಅವಳು ನನ್ನನ್ನು ಪೆದ್ದನನ್ನು ನೋಡುವಂತೆ ನೋಡಿದಳು. "ಇಲ್ಲಪ್ಪ. ಹಿಡಿಕೆ ಇಲ್ಲದೇ ಇದ್ದಾಗಲೇ ಚೆಂದ ಇತ್ತು. ಈಗ ಕೆಟ್ಟಿದೆ."

ರೂಪದ ಬೆನ್ನುಹತ್ತಿದ ಇಂಥವರನ್ನು ನಾವು ಕಲ್ಲುಮನಸ್ಸಿನವರೆಂದು ಬೇಗ ತೀರ್ಮಾನಿಸುತ್ತೇವೆ, ಮೆತ್ತಗಾದರೆ ಅವರಿಗೆ ತಮ್ಮ ತಪ್ಪು ತಿಳಿಯಿತೆಂದು ಇನ್ನೂ ಬೇಗ ಸಮಾಧಾನಪಡುತ್ತೇವೆ. ಎರಡೂ ನಮ್ಮ ಅನುಕೂಲದ ಮಾತು. ಯಾವುದು ಚೆಂದವೆಂಬ ವಿಷಯದಲ್ಲಿ ಅವರು ಯಾರಿಗಾಗಿಯೂ, ತಾವು ಅತಿಯಾಗಿ ಪ್ರೀತಿಸುವವರಿಗಾಗಿಯೂ, ಒಂದು ಸುಳ್ಳು ಹೇಳಲಾರರು. ಕೆಟ್ಟಿತೆಂದು ಕಣ್ಣಾರೆ ಕಂಡು, ಕೆಟ್ಟಿತೆಂದು ಬಾಯಿಬಿಟ್ಟು ಹೇಳಿ, ಮತ್ತೆ ಕೇಳಿದರೆ ಮತ್ತೆ ತಾವೇ ಕೆಡಿಸಿಕೊಡುವವರು ಅವರು. ಅದಕ್ಕಿಂತ ದೊಡ್ಡ ಪ್ರೀತಿಯನ್ನು ನಾನಂತೂ ಕಂಡಿಲ್ಲ.