ಎಲೆಯ ಪಕ್ಕದ ಗೀರು

ಕೂದಲಿರಬೇಕು, ಉಫ್ ಎಂದು ಊದಿದಳು, ಹೋಗಲಿಲ್ಲ, ಬೆರಳ ತುದಿಯಿಂದ ಒರೆಸಿದಳು, ಆಗಲೂ ಹೋಗಲಿಲ್ಲ, ಹಾಗಾದರೆ ಕೂದಲಲ್ಲ, ಭೂತಗನ್ನಡಿ ಹತ್ತಿರ ತಂದರೆ ಅದು ಮರದೊಳಗೇ ಇದೆ, ಬೆಳ್ಳಿ ಎಲೆಯ ಪಕ್ಕದಲ್ಲಿ ಒಂದು ಗೀರು, ಯಾವತ್ತೋ ಮುಚ್ಚಿಹೋದ ಗೀರು — ಯಾರ ಕೆಲಸ ಇದು, ಈ ಹಳೆಯ ವಾದ್ಯದ ಕತ್ತಿನ ಮೇಲೆ ಬೆಳ್ಳಿ ಕೂರಿಸಿದವರು ಇಬ್ಬರೇ, ಒಬ್ಬಳು ತಾನು, ಇನ್ನೊಬ್ಬ ಗೋಡೆಯಾಚೆ ಸಾಮಾನು ಕಟ್ಟುತ್ತಿದ್ದಾನೆ. ಟಣ್, ಅದು ಸಣ್ಣ ಸುತ್ತಿಗೆ, ಪೆಟ್ಟಿಗೆಗೆ ಬಿತ್ತು. ಕಣ್ಣು ಕೈಕೊಟ್ಟ ಮೇಲೆ ಅಣ್ಣನಿಗೆ ಈ ಕೆಲಸ ಮುಗಿದಂತೆಯೇ, ಇವತ್ತು ಮಗಳ ಮನೆಗೆ ಹೊರಟಿದ್ದಾನೆ, ಇನ್ನು ಈ ಕಡೆ ಬರುವುದಿಲ್ಲ, ಬೆಳಿಗ್ಗೆಯಷ್ಟೇ ಹೆಂಡತಿಗೆ ಹೇಳುತ್ತಿದ್ದ, ಅವಳಿಗೆ ಹೇಳು, ಅಂಟಿನ ಡಬ್ಬಿ ಬಿಟ್ಟು ಹೋಗ್ತೀನಿ ಅಂತ, ಗೋಡೆಯೇನು ಕೋಟೆಯೇ, ಹಲಗೆ ಗೋಡೆ, ಅವಳಿಗೆ ಎಲ್ಲ ಕೇಳಿಸಿತ್ತು, ಆದರೂ ಅತ್ತಿಗೆ ಬಾಗಿಲಿಗೆ ಬಂದು ಮತ್ತೊಮ್ಮೆ ಒಪ್ಪಿಸಿದಳು, ಆಯ್ತು ಅಂತ ಅವರಿಗೆ ಹೇಳಿ ಅತ್ತಿಗೆ, ಎಂದರೆ ಅತ್ತಿಗೆ, ನಿಮ್ಮಿಬ್ಬರ ಮಧ್ಯೆ ಟಪಾಲು ಹಂಚಿ ಹಂಚಿ ನಾನು ಮುದುಕಿಯಾದೆ ಕಣಮ್ಮ, ತಲೆಗೂದಲು ನೋಡು. ಪಾಪ, ನಿಜವೇ.

ಎಲ್ಲಕ್ಕೂ ಈ ವಾದ್ಯವೇ ಮೂಲ, ಅಪ್ಪ ಹೋದ ಮೇಲೆ ಬಂದ ಮೊದಲ ದೊಡ್ಡ ಕೆಲಸ, ಆಗಲೇ ಅದಕ್ಕೆ ಅಜ್ಜನ ವಯಸ್ಸು, ಕತ್ತಿನುದ್ದಕ್ಕೂ ಬೆಳ್ಳಿಯ ಬಳ್ಳಿ ಹರಿಸಿಕೊಡಿ ಎಂದು ನುಡಿಸುವವರೇ ತಂದಿದ್ದರು, ಈಗ ಅವರ ಮಗಳು ತಂದಿಟ್ಟಿದ್ದಾಳೆ, ಈ ಒಂದು ಎಲೆ ಸಡಿಲವಾಗಿ ಕೈಗೆ ಚುಚ್ಚುತ್ತೆ, ಸರಿ ಮಾಡಿಕೊಡಿ ಅಂತ — ಅವತ್ತು ಅವರ ಎದುರಿಗೇ ಅಣ್ಣ, ಇವಳು ಬರೆದ ಬಳ್ಳಿ ನೋಡಿ, ಹುಳ ಹರಿದ ಹಾಗಿದೆ, ಎಂದು ನಕ್ಕುಬಿಟ್ಟ, ನಕ್ಕವನಿಗೆ ಮರೆತೇಹೋಯಿತು, ಅವಳಿಗೆ ಮಾತ್ರ ಅಂಗಾಲಿನಿಂದ ನೆತ್ತಿಯವರೆಗೆ ಉರಿ, ಹಾಗಾದ್ರೆ ನೀನು ಆ ತುದಿಯಿಂದ ಬಾ, ನಾನು ಈ ತುದಿಯಿಂದ ಬರ್ತೀನಿ, ನಡುವೆ ಸೇರಿದಾಗ ನೋಡೋಣ ಹುಳ ಯಾರದು ಅಂತ. ಅದೇ ಅವನೊಂದಿಗೆ ಆಡಿದ ಕೊನೆಯ ಮಾತು. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು, ಅವನ ಮೊಲಕ್ಕಂತೂ ಎರಡೇ ಇದ್ದಿರಬೇಕು. ವಾದ್ಯದ ಎರಡು ತುದಿಗೆ ಕೂತು ಬೆಳ್ಳಿ ಕೂರಿಸಿದರು, ಎಲೆಯ ಮೇಲೆ ಎಲೆ, ಕೊನೆಗೆ ಒಂದು ಸಂಜೆ ಎರಡು ಬಳ್ಳಿಗಳೂ ಎದುರುಬದುರಾದಾಗ ನೋಡಿದಳು, ತನ್ನದು ಅಕ್ಕಿಕಾಳಿನಷ್ಟು ಕೆಳಗಿಳಿದಿತ್ತು, ತನ್ನದೇ, ಅವನ ದಾರಿ ನೆಟ್ಟಗಿತ್ತು, ನಾಳೆ ನಗುತ್ತಾನೆ, ನಗಲಿ, ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬೆಳಿಗ್ಗೆ ಬಂದು ನೋಡಿದರೆ ಬಳ್ಳಿ ಕೂಡಿಕೊಂಡಿದೆ, ಕೂದಲೆಳೆಯಷ್ಟೂ ಅಂತರವಿಲ್ಲ, ಅವನು ಬೆನ್ನು ತಿರುಗಿಸಿ ಉಳಿ ಮಸೆಯುತ್ತಿದ್ದಾನೆ. ಕತ್ತಲಾಗಿತ್ತಲ್ಲ, ತನ್ನ ಕಣ್ಣೇ ಮೋಸ ಮಾಡಿತ್ತು ಅಂದುಕೊಂಡಳು. ಆಮೇಲೆ ಊರಿಗೆಲ್ಲ ಹೇಳಿದ್ದೇ ಹೇಳಿದ್ದು, ನನ್ನ ಬಳ್ಳಿ ತಾನಾಗಿ ಹೋಗಿ ಸೇರಿತು ನೋಡಿ, ಒಂದು ಎಳೆ ಆಚೀಚೆ ಇಲ್ಲ, ಗೋಡೆಯಾಚೆ ಅವನಿಗೆ ಕೇಳಲಿ ಎಂದೇ ದನಿ ಏರಿಸಿ ಹೇಳುತ್ತಿದ್ದಳು, ಅವನು ಒಂದು ದಿನವಾದರೂ ತುಟಿ ಬಿಚ್ಚಿದನೇ, ಇಲ್ಲ, ಸುತ್ತಿಗೆ ಸದ್ದು ಮಾತ್ರ, ಟಕ್ ಟಕ್.

ಮರವನ್ನು ತೋಡುವುದಿಲ್ಲ, ಸೀಳುವುದಷ್ಟೇ, ಸೀಳಿನಲ್ಲಿ ಬೆಳ್ಳಿ ಎಳೆ ಬಡಿದು ಮೇಲೆ ಬಿಸಿನೀರು ಹನಿಸಿದರೆ ಮರ ಉಬ್ಬಿ ಬೆಳ್ಳಿಯನ್ನು ಕಚ್ಚಿಕೊಳ್ಳುತ್ತದೆ, ಅಪ್ಪ ಇಬ್ಬರಿಗೂ ಕಲಿಸಿದ ವಿದ್ಯೆ — ಬೆಳ್ಳಿಯನ್ನು ಕಿತ್ತು ನೀರು ಹನಿಸಿದರೂ ಮರ ಉಬ್ಬುತ್ತದೆ, ಬರಿ ಸೀಳು ಬಾಯಿ ಮುಚ್ಚಿಕೊಳ್ಳುತ್ತದೆ, ಉಳಿಯುವುದು ಕೂದಲಿನಂಥ ಒಂದು ಗೀರು. ನೆಟ್ಟಗೆ ಬಂದಿದ್ದ ಅವನ ಎಳೆಯನ್ನು ಆ ರಾತ್ರಿ ಅವನೇ ಕಿತ್ತಿದ್ದಾನೆ, ಕೆಳಗೆ ಹೊಸದಾಗಿ ಸೀಳಿದ್ದಾನೆ, ಅವಳ ತಪ್ಪಿನ ಹತ್ತಿರಕ್ಕೆ ತಾನೇ ಬಾಗಿ ಬಂದಿದ್ದಾನೆ, ಮುರಿದರೂ ಬಾಗದವನು ಎಂದು ಅವಳು ಬೈಯುತ್ತಿದ್ದವನು. ಅಯ್ಯೋ ನನ್ನ ಬಾಯಿಗಿಷ್ಟು. ಇಷ್ಟು ವರ್ಷ ಅದೆಲ್ಲ ಕೇಳಿಸಿಕೊಂಡನಲ್ಲ. ಈಗಲೂ ಈ ಎಲೆಯನ್ನು ಒಂದಿಷ್ಟು ಅಗಲ ಮಾಡಿದರೆ ಗೀರು ಅಡಿಯಲ್ಲಿ ಹೋಗುತ್ತದೆ, ಯಾರಿಗೂ ಕಾಣದು, ಅವನೂ ಹೋಗುತ್ತಾನೆ, ಕಣ್ಣು ಯಾಕೆ ಮಂಜಾಗುತ್ತಿದೆ, ಕನ್ನಡಿಯೋ ಕಣ್ಣೋ — ಬೀದಿಯಲ್ಲಿ ಗಾಡಿ ಹಾರ್ನ್ ಹೊಡೆಯಿತು, ಹಗ್ಗ ಬಿಗಿಯುವ ಸದ್ದು, ಅತ್ತಿಗೇ, ಅವರಿಗೆ ಹೇಳಿ, ಎಂದಳು, ಏನು ಹೇಳಬೇಕು, ಅತ್ತಿಗೆ ಎಲ್ಲಿದ್ದಾಳೆ, ಆಗಲೇ ಗಾಡಿ ಹತ್ತಿ ಕೂತಾಗಿದೆ, ನಡುವೆ ಟಪಾಲಿನವರು ಯಾರೂ ಇಲ್ಲ, ಕೂಗಿಬಿಟ್ಟಳು, ಅಣ್ಣಾ.

ಹಗ್ಗದ ಸದ್ದು ನಿಂತಿತು. ಅವನು ಬಾಗಿಲ ಚೌಕಟ್ಟು ಸವರಿಕೊಂಡು ಬಂದ, ಇದು ನೋಡು ಎಂದಳು, ನೋಡುವುದೇನು ಬಂತು, ಅವನು ಕೈ ಚಾಚಿದ, ಬೆರಳು ಬಳ್ಳಿಯ ಮೇಲೆ ನಡೆಯಿತು, ಅವಳ ಎಲೆಗಳನ್ನು ದಾಟಿತು, ಎಲ್ಲೂ ತಡಕಾಡಲಿಲ್ಲ, ನೇರ ಹೋಗಿ ಉಗುರು ನಿಂತದ್ದು ಅಲ್ಲಿ, ಮುಚ್ಚಿದ ಗೀರಿನ ಮೇಲೆ. ಬಿಸಿನೀರು ಸಾಲಲಿಲ್ಲ ಅಂತ ಕಾಣುತ್ತೆ, ಪುಟ್ಟೀ. ಪುಟ್ಟಿ ಎಂದನೇ, ಎಂದ, ಅವಳು ಭೂತಗನ್ನಡಿ ಕೆಳಗಿಟ್ಟಳು, ಹಾರ್ನ್, ಮತ್ತೆ ಹಾರ್ನ್, ಆ ಉಗುರು, ಗೀರಿನ ಮೇಲೆ ಆ ಉಗುರು