ಹದಿನೇಳನೇ ವ್ಯಕ್ತಿ

ಹಸಿರು ತಂತಿ, ಕಿಟಕಿಯ ಚಿಲಕಕ್ಕೆ ಮೂರು ಸುತ್ತು, ತುದಿ ಕೊಕ್ಕಿನ ಹಾಗೆ ಹೊರಗೆ ಚಾಚಿಕೊಂಡಿದೆ — ಇದನ್ನು ಎಲ್ಲೋ ನೋಡಿದ್ದೇನೆ, ನೋಡಿದ್ದೇನು ಬಂತು, ಸುತ್ತಿದವಳೇ ನಾನು, ಗಾಳಿಗೆ ಚಿಲಕ ಮುರಿದಾಗ ಸ್ಟೂಲಿನ ಮೇಲೆ ಹತ್ತಿ ನಿಂತಿದ್ದೆ, ಕೆಳಗಿನಿಂದ ಭಾವ, ಡಾಕ್ಟರೇಟ್ ಮಾಡೋರು ಕಟ್ಟಿದ್ದು, ಇನ್ನು ಬಿಚ್ಚೋಕೂ ಡಾಕ್ಟರೇ ಬರ್ಬೇಕು ಅಂತ ನಗಾಡಿದ್ದರು — ಇಲ್ಲ, ಹಸಿರು ತಂತಿ ಯಾರ ಮನೆಯಲ್ಲಾದರೂ ಇರಬಹುದು, ಫೋಟೊ ದೊಡ್ಡದು ಮಾಡು, ಇನ್ನೂ ದೊಡ್ಡದು, ಮುಖದ ಮೇಲೆ ಎಂದಿನಂತೆ ನಕ್ಷತ್ರದ ಸ್ಟಿಕರ್, ಅದರ ಕೆಳಗೆ ಎದ್ದು ನಿಂತ ಕೊರಳ ಎಲುಬು, ಹಿಂದೆ ಕಿಟಕಿ, ಕಿಟಕಿಯಾಚೆ ನೀರಿನ ಟ್ಯಾಂಕು, ಟ್ಯಾಂಕಿನ ಮೇಲೆ ಯಾರೋ ಮರೆತ ಕೆಂಪು ಬಕೆಟ್ಟು. ತಲೆ ಎತ್ತಿದರೆ ನನ್ನ ಕಿಟಕಿಯಿಂದಲೂ ಅದೇ ಬಕೆಟ್ಟು. ಏಳು ತಿಂಗಳಿಂದ ನನ್ನ ಸಂಶೋಧನೆಯ ಟಿಪ್ಪಣಿಯಲ್ಲಿ ಹದಿನೇಳನೇ ವ್ಯಕ್ತಿ ಅಂತ ನಾನು ಬರೆದುಕೊಳ್ಳುತ್ತಿರುವ ಹುಡುಗಿ ಈ ಗೋಡೆಯ ಆಚೆ ಕೂತಿದ್ದಾಳೆ, ಅಕ್ಕನ ಮಗಳು, ಹದಿನಾರು ವರ್ಷ, ಬೆಳಿಗ್ಗೆ ಬಾತ್‌ರೂಮಿನ ಮುಂದೆ ನನಗೆ ಡಿಕ್ಕಿ ಹೊಡೆದು ಸಾರಿ ಚಿಕ್ಕಮ್ಮ ಅಂದು ಹೋದವಳು. ಡಿಕ್ಕಿ ಹೊಡೆದದ್ದು ನನಗೆ ಗೊತ್ತೇ ಆಗಲಿಲ್ಲವಲ್ಲ, ಒಣಗಹಾಕಿದ ಬಟ್ಟೆ ತಾಗಿದಂತಿತ್ತು, ಆಗಲೇ ತಿಳಿಯಬೇಕಿತ್ತು, ನಾನು ಓದುವುದೇ ಇದನ್ನಲ್ಲವೇ, ಒಬ್ಬ ಗಾಯಕಿಯ ಅಭಿಮಾನಿ ಹುಡುಗಿಯರು ಆನ್‌ಲೈನಿನಲ್ಲಿ ಗುಂಪು ಕಟ್ಟಿಕೊಂಡು ಅವಳ ಹಾಗಾಗಲು ಹೋಗಿ ತಮ್ಮ ಮೈಯನ್ನೇ ಹೇಗೆ ದ್ವೇಷಿಸತೊಡಗುತ್ತಾರೆ ಅನ್ನುವುದನ್ನು, ಇನ್ನೂರು ಪುಟ ಬರೆದಾಗಿದೆ, ಪಕ್ಕದ ಕೋಣೆ ಮಾತ್ರ ಕಾಣಲಿಲ್ಲ.

ಆ ಗುಂಪಿನಲ್ಲಿ ನಾನು ಬೂದಿಬೆಕ್ಕು. ಹೆಸರು ಕೇಳಿ ಗೈಡ್ ಮೇಡಂ ನಕ್ಕಿದ್ದರು, ಬೆಕ್ಕಿನ ಥರಾನೇ ಇರಮ್ಮ, ಮೂಲೇಲಿ ಕೂತು ನೋಡು, ಬರ್ಕೋ, ಕೈ ಹಾಕ್ಬೇಡ. ಕೈ ಹಾಕಲಿಲ್ಲ ನಾನು, ಹಾರ್ಟ್ ಮಾತ್ರ ಒತ್ತಿದೆ, ಎಲ್ಲರೂ ಒತ್ತುವಾಗ ಒತ್ತದಿದ್ದರೆ ಅನುಮಾನ ಬರುತ್ತದೆ ಅಂತ, ಈ ಹದಿನೇಳನೆಯವಳ ಒಂದೊಂದು ಫೋಟೊಕ್ಕೂ, ಕೆನ್ನೆ ಇಳಿದಾಗ ಒಂದು, ತೋಳು ಇಳಿದಾಗ ಒಂದು. ಅವಳ ಹೆಸರು ಅಲ್ಲಿ ಗಾಳಿಪಟ. ಗುಂಪಿನವರ ಜೊತೆ ಖಾಸಗಿಯಾಗಿ ಮಾತಾಡುವಂತಿಲ್ಲ ಅಂತ ವಿಶ್ವವಿದ್ಯಾಲಯದ ನಿಯಮಪತ್ರಕ್ಕೆ ನಾನೇ ಸಹಿ ಹಾಕಿದ್ದೆ, ಆದರೂ ಅವಳಾಗಿಯೇ ಬಂದು ಬೆಕ್ಕಕ್ಕಾ, ನಿಮ್ಮ ಹತ್ರ ಒಂದು ಹೇಳ್ಲಾ ಅಂದಾಗ ಹೇಳು ಅಂದೆ, ಒಂದೇ ಸಲ ಅಂದುಕೊಂಡೆ, ಆಮೇಲೆ ದಿನವೂ ಕಾದೆ, ಬಂದದ್ದನ್ನೆಲ್ಲ ಬರೆದುಕೊಂಡೆ. ಹದಿನೇಳೇ ನಿನ್ನ ಪ್ರಬಂಧದ ಜೀವ ಕಣಮ್ಮ ಅಂದರು ಮೇಡಂ, ನಾಲ್ಕನೇ ಅಧ್ಯಾಯದ ಬದಿಯಲ್ಲಿ ಕೆಂಪು ಪೆನ್ನಿನಲ್ಲಿ ಭೇಷ್ ಅಂತ ಬರೆದು, ನಾನು ಆ ಸಂಜೆ ಮನೆಗೆ ಐಸ್‌ಕ್ರೀಮ್ ತಂದೆ, ಎಲ್ಲರೂ ತಿಂದೆವು, ಅವಳು ಗಂಟಲು ನೋವು ಅಂದಳು.

ಊಟಕ್ಕೆ ಬಾರೇ, ಎಷ್ಟು ಸಲ ಕೂಗ್ಲಿ, ಅಡುಗೆಮನೆಯಿಂದ ಅಕ್ಕ, ಗೋಡೆಯಾಚೆಯಿಂದ ಅವಳು, ಫ್ರೆಂಡ್ ಮನೇಲಿ ತಿಂದ್ಕೊಂಡೇ ಬಂದೆ ಅಮ್ಮ, ಅದೇ ಕ್ಷಣ ನನ್ನ ಕೈಯಲ್ಲಿ ಫೋನು ನಡುಗುತ್ತದೆ, ಬೆಕ್ಕಕ್ಕಾ, ಇವತ್ತೂ ತಪ್ಪಿಸ್ಕೊಂಡೆ. ಗೋಡೆಯಿಂದ ಒಂದು ಮಾತು, ಫೋನಿನಿಂದ ಒಂದು ಮಾತು, ನಡುವೆ ನಾನು. ಮತ್ತೆ ನಡುಗುತ್ತದೆ, ನಿನ್ನೆ ಸ್ಕೂಲ್ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂತು, ಬಿದ್ದೆ, ಯಾರಿಗೂ ಹೇಳಿಲ್ಲ, ನಿಮಗೆ ಮಾತ್ರ. ಅಕ್ಕನಿಗೆ ಹೇಳಲೇ, ಹೇಳಿದರೆ ಅಕ್ಕ ಫೋನು ಕಿತ್ತುಕೊಳ್ಳುತ್ತಾಳೆ, ಭಾವ ಕೂಗಾಡುತ್ತಾರೆ, ಬೆಕ್ಕಿಗೊಬ್ಬಳಿಗೇ ಗೊತ್ತಿದ್ದ ಮಾತು ಹೊರಗೆ ಬಂತೆಂದರೆ ಬೆಕ್ಕು ಯಾರೆಂದು ಅವಳಿಗೆ ತಿಳಿಯಲು ಎಷ್ಟು ಹೊತ್ತು, ಆಮೇಲೆ ಅವಳು ಮಾತಾಡುವುದಕ್ಕೆ ಯಾರೂ ಉಳಿಯುವುದಿಲ್ಲ, ಹೇಳದಿದ್ದರೆ ಮತ್ತೊಂದು ಮೆಟ್ಟಿಲು. ಬೆರಳು ತಾನಾಗಿಯೇ ಒತ್ತುತ್ತದೆ, ಮನೇಲಿ ಯಾರಿಗಾದ್ರೂ ಹೇಳು ಪುಟ್ಟಾ, ಅಮ್ಮನಿಗೆ, ಇಲ್ಲಾಂದ್ರೆ ಚಿಕ್ಕಮ್ಮನಿಗೆ. ಉತ್ತರ ಬರುತ್ತದೆ, ನಮ್ ಚಿಕ್ಕಮ್ಮಾನಾ? ಇದನ್ನೇ ಓದ್ತಾರಂತೆ, ಲ್ಯಾಪ್‌ಟಾಪಿಂದ ತಲೆ ಎತ್ತಿದ್ದು ನಾನು ನೋಡಿಲ್ಲ. ನನಗೆ ಗುಂಡು ಅಂತ ಹೆಸರಿಟ್ಟೋರೇ ಅವರು.

ಹೌದು, ನಾನೇ. ಆಸ್ಪತ್ರೆಯಲ್ಲಿ ಬಿಳಿ ಬಟ್ಟೆಯೊಳಗೆ ಗುಂಡಗೆ ಸುತ್ತಿ ನರ್ಸು ಕೈಗೆ ಕೊಟ್ಟಿದ್ದಳು, ಅಯ್ಯೋ ನನ್ನ ಗುಂಡೂ ಅಂದಿದ್ದೆ, ಎಷ್ಟು ಪ್ರೀತಿಯಿಂದ ಅಂದಿದ್ದೆ, ಆಮೇಲೆ ಮನೆಯವರೆಲ್ಲ, ಬೀದಿಯವರೆಲ್ಲ, ಸ್ಕೂಲ್ ಬಸ್ಸಿನ ಡ್ರೈವರ್ ಕೂಡ. ಇದು ನನ್ನ ಟಿಪ್ಪಣಿಯಲ್ಲಿದೆ, ಹದಿನೇಳನೇ ವ್ಯಕ್ತಿಗೆ ಬಾಲ್ಯದಲ್ಲಿ ಮನೆಯವರಿಟ್ಟ ಅಡ್ಡಹೆಸರು ನಾಚಿಕೆಯ ಮೂಲ, ಹೆಸರು ಏನೆಂದು ಅವಳು ಹೇಳಿರಲಿಲ್ಲ, ಎಂಥ ಮನೆಯವರಪ್ಪ ಅಂದುಕೊಂಡಿದ್ದೆ.

ಕುರ್ಚಿ ಹಿಂದಕ್ಕೆ ಬಿತ್ತು, ಬೀಳಲಿ. ಅವಳ ಬಾಗಿಲಿಗೆ ಆರು ಹೆಜ್ಜೆ, ಏಳು ತಿಂಗಳು ಬೇಕಾಯಿತು, ತಟ್ಟಿದರೆ ಒಳಗಿನಿಂದ, ಆಗ್ಲೇ ಹೇಳಿದ್ನಲ್ಲ ಹಸಿವಿಲ್ಲ ಅಂತ, ಏನಂತ ಕರೆಯಲಿ, ಮನೆಯ ಹೆಸರು ನಾಲಿಗೆಗೆ ಬಂದು ಹಿಂದೆ ಹೋಯಿತು, ಬಾಗಿಲು ತೆಗಿ, ಗಾಳಿಪಟ. ಮಂಚ ಕಿರುಗುಟ್ಟಿತು. ಅಗುಳಿ ಸರಿಯಿತು, ಬಾಗಿಲು ಒಂದು ಗೇಣು ತೆರೆದು ನಿಂತಿತು, ಅಂಚಿನಲ್ಲಿ ನಾಲ್ಕು ಬೆರಳು, ಉಗುರಿನ ಬುಡ ನೀಲಿ, ಮುಖ ಕತ್ತಲಲ್ಲಿ. ಯಾವಾಗ್ಲಿಂದ? ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ, ಏಳು ತಿಂಗಳಿಂದ, ಆದ್ರೆ ನೀನೇ ಅಂತ ಗೊತ್ತಾಗಿದ್ದು ಈಗ. ಬರ್ಕೊಂಡಿದೀರಾ? ಹೂಂ. ನನ್ ಹೆಸರು ಏನಿಟ್ಟಿದೀರಿ ಅದ್ರಲ್ಲಿ? ಹೆಸರಿಲ್ಲ, ನಂಬರು, ಹದಿನೇಳು. ಒಳಗೆ ಉಸಿರೋ ನಗುವೋ, ಪರವಾಗಿಲ್ಲ, ಗುಂಡುಗಿಂತ ವಾಸಿ. ಹರಿದುಹಾಕ್ತೀನಿ ಕಣೇ ಎಲ್ಲ ಅಂದೆ. ಬೇಡ ಬಿಡಿ, ಅಲ್ಲಾದ್ರೂ ನಾನು ಹೇಳಿದ್ದನ್ನ ಯಾರೋ ಪೂರ್ತಿ ಕೇಳಿದ್ರಲ್ಲ.

ಏನ್ರೇ ಅದು ಇಬ್ಬರದೂ ಗುಸುಗುಸು, ಅಡುಗೆಮನೆಯಿಂದ ಅಕ್ಕ ಕೂಗುತ್ತಾಳೆ, ಎಲ್ಲ ತಣ್ಣಗಾಯ್ತು. ಹೇಳ್ಬೇಡಿ ಚಿಕ್ಕಮ್ಮ, ನಿಮ್ಮ ಕಾಲಿಗೆ ಬೀಳ್ತೀನಿ, ಒಳಗಿನ ದನಿ ಈಗ ತೀರಾ ಸಣ್ಣದು, ಹತ್ತು ವರ್ಷ ಹಿಂದಿನದು, ಹೇಳಬಾರದು, ಹೇಳಲೇಬೇಕು, ಅಕ್ಕಾ — ನನ್ನದೇ ದನಿ, ಇಷ್ಟು ದೊಡ್ಡದೇ — ಅಕ್ಕಾ, ಇಲ್ಲಿ ಬಾ, ಒಲೆ ಆರಿಸಿ ಬಾ. ಬೆರಳುಗಳು ಬಿಗಿದು ಬೆಳ್ಳಗಾದವು. ಅಕ್ಕನ ಚಪ್ಪಲಿಯ ಸದ್ದು ಹತ್ತಿರ ಬರುತ್ತಿದೆ, ಈಗ ಇವಳು ಬಾಗಿಲು ಮುಚ್ಚುತ್ತಾಳೆ, ಇಲ್ಲ, ಮುಚ್ಚಬೇಕಾದರೆ ಬೆರಳು ಒಳಗೆ ಎಳೆದುಕೊಳ್ಳಬೇಕು, ಎಳೆದುಕೊಂಡಿಲ್ಲ, ನಾನು ತಳ್ಳುವಂತಿಲ್ಲ, ಬಿಟ್ಟು ಹೋಗುವಂತಿಲ್ಲ, ಯಾರ ಮುಖವೂ ಕಾಣುತ್ತಿಲ್ಲ, ಬಾಗಿಲ ಅಂಚು, ಅದರ ಮೇಲೆ ಬೆರಳು, ನಾಲ್ಕು ಬೆರಳು, ಇನ್ನೂ ಅಲ್ಲೇ ಇವೆ, ನಾಲ್ಕು